ಪರದೆಯ ಮೇಲೆ ಮಡಿಕೇರಿ: ಪೇಟೆಯ ಪುನಶ್ಚೇತನದ ಚರ್ಚೆಗೆ ಮೂರು ಆಯಾಮದ ಮಾದರಿಯನ್ನು ಬಳಸುವ ಬಗೆ

ಮಡಿಕೇರಿಯಂಥ ಗುಡ್ಡದ ಊರಿನಲ್ಲಿ ಪಕ್ಕದ ಮನೆ ಎಂದರೆ ಬಹುಪಾಲು ಮೇಲಿನ ಮನೆ ಅಥವಾ ಕೆಳಗಿನ ಮನೆ ಎಂದೇ ಅರ್ಥ. ಒಬ್ಬರ ಅಂಗಳದ ಮಟ್ಟಕ್ಕೆ ಇನ್ನೊಬ್ಬರ ಮಾಡು ಇರುತ್ತದೆ. ಒಬ್ಬರ ಬಚ್ಚಲ ನೀರು ಇನ್ನೊಬ್ಬರ ಗೋಡೆಯ ಬುಡಕ್ಕೆ ಇಳಿಯುತ್ತದೆ. ಕಾಗದದ ನಕಾಶೆಯಲ್ಲಿ ಈ ಎರಡು ಮನೆಗಳು ಒತ್ತೊತ್ತಾಗಿ ಕುಳಿತ ಎರಡು ಚೌಕಗಳಾಗಿ ಕಾಣುತ್ತವೆಯೇ ಹೊರತು, ಅವುಗಳ ನಡುವಿನ ಬರೆಯಾಗಲಿ (ಕಡಿದಾದ ಮಣ್ಣಿನ ಇಳಿಜಾರು), ನಲವತ್ತು ಮೆಟ್ಟಿಲುಗಳಾಗಲಿ, ಮಳೆಗಾಲದಲ್ಲಿ ಜಿನುಗುವ ಒರತೆಯಾಗಲಿ ಕಾಣುವುದಿಲ್ಲ. ಕಚೇರಿಯ ಗೋಡೆಗೆ ಅಂಟಿಸಿದ ಯೋಜನಾ ನಕಾಶೆಯ ಮುಂದೆ ನಿಂತವರು ತಮ್ಮ ಬೀದಿಯನ್ನೇ ಗುರುತಿಸಲಾಗದೆ ಹಿಂದಿರುಗುತ್ತಾರೆಂದರೆ, ಆ ತಪ್ಪನ್ನು ನಕಾಶೆಯ ಮೇಲೆಯೇ ಹೊರಿಸಬೇಕು.

ಕಂಪ್ಯೂಟರಿನಲ್ಲಿ ಕಟ್ಟಿದ ಮೂರು ಆಯಾಮದ ನಗರ ಮಾದರಿಯು ಈ ತೊಡಕನ್ನು ಬಹುಮಟ್ಟಿಗೆ ನೀಗಿಸಬಲ್ಲದು. ಇದು ಮಹಾನಗರಗಳಿಗೆ ಮಾತ್ರ ನಿಲುಕುವ ಸಾಧನವೆಂದು ಭಾವಿಸಬೇಕಾಗಿಲ್ಲ. ಸಿಂಗಪುರವು 2014ರಲ್ಲಿ ಆರಂಭಿಸಿದ ತನ್ನ ವರ್ಚುವಲ್ ಮಾದರಿಗೆ 7.3 ಕೋಟಿ ಸಿಂಗಪುರ ಡಾಲರ್ ತೆಗೆದಿರಿಸಿತು ಎಂಬುದನ್ನು ಕೇಳಿ ಅಂಜುವವರು ಜರ್ಮನಿಯ ಹೆರೆನ್‌ಬರ್ಗ್ ಊರನ್ನು ನೋಡಬಹುದು. ಸ್ಟುಟ್‌ಗಾರ್ಟ್ ಸಮೀಪದ ಈ ಊರಿನ ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸಿನಲ್ಲಿದೆ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33,381. ಸ್ಟುಟ್‌ಗಾರ್ಟಿನ ಸಂಶೋಧಕರು ಆ ಊರಿನ ಡಿಜಿಟಲ್ ಪ್ರತಿರೂಪವನ್ನು ಕಟ್ಟಿ, ವಾಹನ ಸಂಚಾರ ಮತ್ತು ಗಾಳಿಯ ಹರಿವಿನ ಲೆಕ್ಕಗಳನ್ನು ಅದರೊಳಗೆ ಸೇರಿಸಿ, ಊರಿನವರ ಮುಂದಿಟ್ಟು ಚರ್ಚೆ ನಡೆಸಿದರು. ಊರಿನ ಯಾವ ಜಾಗ ಹಿತವೆನಿಸುತ್ತದೆ, ಯಾವುದು ಇಲ್ಲ ಎಂಬುದನ್ನು ಜನರು ಮೊಬೈಲ್ ಆ್ಯಪ್ ಮೂಲಕ ತಿಳಿಸಿದ್ದೂ ಅದೇ ಮಾದರಿಯೊಳಗೆ ಸೇರಿತು. ನಮಗೆ ಅಷ್ಟು ದೊಡ್ಡ ಗಣಕ ಕೇಂದ್ರವೂ ಬೇಕಿಲ್ಲ. ಒಂದು ಒಳ್ಳೆಯ ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ನೆಲವನ್ನು ಅಳೆಯಬಲ್ಲ ಇಬ್ಬರು ಮತ್ತು ಒಂದು ವರ್ಷದ ತಾಳ್ಮೆ ಇದ್ದರೆ ಮಹದೇವಪೇಟೆಯಂಥ ಒಂದು ಪೇಟೆಬೀದಿಗೆ ಸಾಕಾಗುವ ಮಾದರಿಯನ್ನು ಕಟ್ಟಬಹುದು.

ಮಾದರಿಗಿಂತ ಮೊದಲು ಪ್ರಶ್ನೆ

ಕಂಪ್ಯೂಟರನ್ನು ತೆರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಯಾವ ತೀರ್ಮಾನ ಇನ್ನೂ ಆಗಿಲ್ಲ? ಸಂತೆಯ ಜಾಗದಲ್ಲಿ ಎಷ್ಟು ಅಂತಸ್ತಿನ ಕಟ್ಟಡ ಬರಬೇಕು, ವ್ಯಾಪಾರಿಗಳು ನೆಲದ ಮಟ್ಟದಲ್ಲಿರಬೇಕೋ ಮೇಲಿನ ಅಂತಸ್ತಿಗೆ ಹೋಗಬೇಕೋ, ಚರಂಡಿ ಯಾವ ದಿಕ್ಕಿಗೆ ತಿರುಗಬೇಕು, ವಾಹನ ನಿಲುಗಡೆ ಬರೆಯ ಬುಡದಲ್ಲಿ ಬರಬಹುದೇ ಎಂಬಂಥ ಪ್ರಶ್ನೆಗಳಲ್ಲಿ ಒಂದಾದರೂ ತೆರೆದಿರಬೇಕು. ಟೆಂಡರ್ ಮುಗಿದು ಗುತ್ತಿಗೆದಾರರಿಗೆ ಕಾರ್ಯಾದೇಶ ಹೋದ ಮೇಲೆ ಜನರನ್ನು ಕರೆದು ಪರದೆಯ ಮೇಲೆ ಚೆಂದದ ಚಿತ್ರ ತೋರಿಸುವುದಾದರೆ ಅದು ಪ್ರಚಾರವಾಗುತ್ತದೆ. ಅದಕ್ಕೆ ಮಾದರಿಯ ಅಗತ್ಯವಿಲ್ಲ, ಒಂದು ಬ್ಯಾನರ್ ಸಾಕು.

ಎರಡನೆಯದಾಗಿ, ತೀರ್ಮಾನ ಯಾರ ಕೈಯಲ್ಲಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಚರಂಡಿ, ಬೀದಿ ಮತ್ತು ಸಂತೆ ನಗರಸಭೆಗೆ ಸೇರಿದರೆ, ಭೂಬಳಕೆಯು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿಯ ಮಹಾಯೋಜನೆಗೆ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಸೇರುತ್ತದೆ. ಇಲ್ಲಿ ಸಣ್ಣ ಊರುಗಳವರು ಅನೇಕ ಸಲ ಗಮನಿಸದ ಒಂದು ಸಂಗತಿಯಿದೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 243ಎಸ್ ವಿಧಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸುತ್ತದೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರಗಳು ಆ ಗಡಿಯ ಹತ್ತಿರಕ್ಕೂ ಬರುವುದಿಲ್ಲ. ಆದ್ದರಿಂದ ಜನರ ಮಾತು ತಲುಪಬೇಕಾದ ವೇದಿಕೆಯನ್ನು ನಾವೇ ಕಟ್ಟಿಕೊಳ್ಳಬೇಕಾಗುತ್ತದೆ, ಮತ್ತು ಸಭೆಯಲ್ಲಿ ಬಂದ ಸಲಹೆಗಳಿಗೆ ಇಂತಿಷ್ಟು ದಿನಗಳಲ್ಲಿ ಲಿಖಿತ ಉತ್ತರ ಕೊಡುವುದಾಗಿ ಸಂಬಂಧಪಟ್ಟವರಿಂದ ಮೊದಲೇ ಒಂದು ಪತ್ರ ಪಡೆದುಕೊಳ್ಳಬೇಕಾಗುತ್ತದೆ. ಆ ಪತ್ರ ಸಿಗದಿದ್ದರೆ ಕೆಲಸ ಆರಂಭಿಸದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಒಮ್ಮೆ ಕರೆಸಿಕೊಂಡು ಮಾತಿಗೆ ಬೆಲೆ ಸಿಗದೆ ಹಿಂದಿರುಗಿದವರು ಎರಡನೆಯ ಸಭೆಗೆ ಬರುವುದಿಲ್ಲ.

ಇಡೀ ಊರನ್ನು ಮಾದರಿಯೊಳಗೆ ತರುವ ಆಸೆಯನ್ನು ಬಿಡಬೇಕು. ಇಪ್ಪತ್ತೈದು ಎಕರೆ, ಅಂದರೆ ಸುಮಾರು ಹತ್ತು ಹೆಕ್ಟೇರು, ಮೊದಲ ಪ್ರಯತ್ನಕ್ಕೆ ಧಾರಾಳವಾಯಿತು.

ನೆಲದ ಎತ್ತರವೇ ಮುಖ್ಯ

ಬಯಲುಸೀಮೆಯ ಊರಿನಲ್ಲಿ ಕಟ್ಟಡಗಳನ್ನು ಸರಿಯಾಗಿ ನಿಲ್ಲಿಸಿದರೆ ಮಾದರಿ ಮುಕ್ಕಾಲು ಮುಗಿದಂತೆ. ಕೊಡಗಿನಲ್ಲಿ ನೆಲವನ್ನು ಸರಿಯಾಗಿ ಕಟ್ಟದಿದ್ದರೆ ಮಾದರಿಯೇ ಇಲ್ಲ. ಎತ್ತರದ ಮಾಹಿತಿಯನ್ನು ಇಸ್ರೋದ ಭುವನ್ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಕಾರ್ಟೊಸ್ಯಾಟ್ ಉಪಗ್ರಹದ ಆ ಮಾಹಿತಿಯು ನೆಲವನ್ನು ಸುಮಾರು 30 ಮೀಟರ್ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕಕ್ಕೂ ಒಂದೊಂದೇ ಎತ್ತರವನ್ನು ಕೊಡುತ್ತದೆ. 30 ಮೀಟರ್ ಚೌಕವೆಂದರೆ 900 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 22 ಸೆಂಟು ಜಾಗ. ಐದೈದು ಸೆಂಟಿನ ನಾಲ್ಕು ಮನೆಗಳು, ಅವುಗಳ ನಡುವಿನ ಬರೆ, ತಡೆಗೋಡೆ, ತೋಡು (ಸಣ್ಣ ಹಳ್ಳ) ಎಲ್ಲವೂ ಆ ಒಂದೇ ಅಂಕೆಯೊಳಗೆ ಕರಗಿಹೋಗುತ್ತವೆ. ದೂರದ ಬೆಟ್ಟಸಾಲನ್ನು ಹಿನ್ನೆಲೆಯಾಗಿ ತೋರಿಸಲು ಈ ಮಾಹಿತಿ ಸಾಕು. ಚರ್ಚೆ ನಡೆಯುವ ಇಪ್ಪತ್ತೈದು ಎಕರೆಗೆ ಸಾಲದು.

ಅಲ್ಲಿಗೆ ಡ್ರೋನ್ ಸರ್ವೆ ಬೇಕಾಗುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿರುವ ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಪೂರ್ವಾನುಮತಿಯ ಅಗತ್ಯವಿಲ್ಲ; ಹಳದಿ ಮತ್ತು ಕೆಂಪು ವಲಯಗಳಲ್ಲಿ ಅನುಮತಿ ಬೇಕು. ಹಾರಿಸುವ ದಿನವೇ ಆ ನಕ್ಷೆಯನ್ನು ಮತ್ತೊಮ್ಮೆ ನೋಡಿ, ಠಾಣೆಗೂ ಬೀದಿಯವರಿಗೂ ಮುಂಚಿತವಾಗಿ ತಿಳಿಸುವುದು ಒಳ್ಳೆಯದು, ಏಕೆಂದರೆ ತಲೆಯ ಮೇಲೆ ಕ್ಯಾಮೆರಾ ಸುತ್ತುವುದನ್ನು ಕಂಡು ಕಸಿವಿಸಿಗೊಂಡವರನ್ನು ಮುಂದೆ ಸಭೆಗೆ ಕರೆಯುವುದು ಕಷ್ಟ. 2021ರ ಫೆಬ್ರುವರಿಯಲ್ಲಿ ಬಂದ ಭೂಪ್ರಾದೇಶಿಕ ಮಾಹಿತಿಯ ಮಾರ್ಗಸೂಚಿಗಳ ನಂತರ ಭಾರತೀಯ ಸಂಸ್ಥೆಗಳು ಇಂಥ ನಕ್ಷೆಗಳನ್ನು ಮಾಡಲು ಪ್ರತ್ಯೇಕ ಪರವಾನಗಿ ಪಡೆಯಬೇಕಾಗಿಲ್ಲ. ಆದರೆ ಅಡ್ಡಳತೆಯಲ್ಲಿ ಒಂದು ಮೀಟರ್, ಎತ್ತರದಲ್ಲಿ ಮೂರು ಮೀಟರ್‌ಗಿಂತ ನಿಖರವಾದ ಮಾಹಿತಿಯು ದೇಶದೊಳಗೇ ಇರಬೇಕು. ಕಡತವನ್ನು ಯಾವ ಸರ್ವರಿನಲ್ಲಿ ಇಡುತ್ತೀರಿ ಎಂಬುದನ್ನು ಇದಕ್ಕಾಗಿಯೇ ಮೊದಲು ನಿರ್ಧರಿಸಬೇಕು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ಊರಿನಲ್ಲಿ ಡ್ರೋನ್ ಹಾರಿಸಲು ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ದಿನಗಳೇ ಸೂಕ್ತ. ಬೆಳಗಿನ ಮಂಜು ಕರಗಿದ ಮೇಲೆ, ನೆರಳು ತೀರ ಉದ್ದವಾಗುವ ಮೊದಲು, ಒಂದು ಚಿತ್ರವು ಇನ್ನೊಂದನ್ನು ಮುಕ್ಕಾಲು ಭಾಗ ಆವರಿಸುವಂತೆ ಚಿತ್ರಗಳನ್ನು ತೆಗೆಯಬೇಕು. ನೆಲದ ಮೇಲೆ ಬಿಳಿ ಸುಣ್ಣದಲ್ಲಿ ಗುರುತು ಮಾಡಿದ ಕೆಲವು ಬಿಂದುಗಳನ್ನು ನಿಖರವಾಗಿ ಅಳೆದು ಚಿತ್ರಗಳಿಗೆ ಜೋಡಿಸದಿದ್ದರೆ ಇಡೀ ಬೀದಿಯೇ ಓರೆಯಾಗಿ ಕುಳಿತುಬಿಡುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಒಂದು ತೊಡಕು ಉಳಿಯುತ್ತದೆ: ಕ್ಯಾಮೆರಾ ಅಳೆಯುವುದು ತನಗೆ ಕಂಡದ್ದನ್ನು ಮಾತ್ರ. ಸಿಲ್ವರ್ ಓಕ್, ಹಲಸು, ಬಿದಿರು ಮುಚ್ಚಿದ ಕಡೆ ಅದಕ್ಕೆ ಸಿಗುವುದು ಮರದ ತಲೆಯ ಎತ್ತರ, ನೆಲದ್ದಲ್ಲ. ಹಾಗೆಯೇ ಬಿಟ್ಟರೆ ಪರದೆಯ ಮೇಲೆ ಬರೆಯಿದ್ದಲ್ಲಿ ಹಸಿರು ಗುಡ್ಡವೊಂದು ಎದ್ದು ನಿಲ್ಲುತ್ತದೆ. ಅಂಥ ಜಾಗಗಳನ್ನು ದೂರ ಮತ್ತು ಕೋನಗಳನ್ನು ಅಳೆಯುವ ಸರ್ವೆ ಉಪಕರಣವಾದ ಟೋಟಲ್ ಸ್ಟೇಷನ್‌ನಿಂದಲೋ, ಅದೂ ಇಲ್ಲದಿದ್ದರೆ ಟೇಪು ಹಿಡಿದೋ ಅಳೆಯಬೇಕು. ಹೀಗೆ ಅಳೆಯುವಾಗ ಆ ಬರೆಯ ಮೇಲೆ ಮತ್ತು ಕೆಳಗೆ ವಾಸಿಸುವವರನ್ನು ಜೊತೆಗೆ ಕರೆದುಕೊಂಡು ಹೋದರೆ, ಜನರ ಪಾಲ್ಗೊಳ್ಳುವಿಕೆ ಸಭೆಗೆ ಮೊದಲೇ ಆರಂಭವಾಗಿರುತ್ತದೆ.

ಕಟ್ಟಡಗಳ ಕೆಲಸ ಇದಕ್ಕೆ ಹೋಲಿಸಿದರೆ ಸುಲಭ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿರುವ ಕಟ್ಟಡಗಳ ರೇಖೆಗಳನ್ನು ತೆಗೆದುಕೊಂಡು, ಇಲ್ಲದವನ್ನು ಡ್ರೋನ್ ಚಿತ್ರದ ಮೇಲೆ ಬಿಡಿಸಿ, ಬೀದಿಯಲ್ಲಿ ನಡೆಯುತ್ತ ಅಂತಸ್ತುಗಳನ್ನು ಎಣಿಸಿ ಬರೆದುಕೊಂಡರೆ ಸಾಕು. ನಕ್ಷೆಗಳಿಗೆ ಕ್ಯೂಜಿಐಎಸ್, ಮೂರು ಆಯಾಮದ ಚಿತ್ರಗಳಿಗೆ ಬ್ಲೆಂಡರ್ ಎಂಬ ಎರಡು ಉಚಿತ ತಂತ್ರಾಂಶಗಳು ಈ ಕೆಲಸಕ್ಕೆ ಸಾಲುತ್ತವೆ. ಎಲ್ಲ ಮನೆಗಳಿಗೂ ಕಿಟಕಿ ಬಾಗಿಲು ಬಿಡಿಸುತ್ತ ಕೂರಬೇಕಾಗಿಲ್ಲ: ಹೆಚ್ಚಿನವು ಬರಿಯ ಪೆಟ್ಟಿಗೆಗಳಾಗಿದ್ದರೆ ಸಾಕು, ಚರ್ಚೆಯ ಬೀದಿಯಲ್ಲಿ ಹೆಂಚಿನ ಮಾಡು, ಶೀಟಿನ ಮಾಡು, ತಾರಸಿ ಎಂಬ ವ್ಯತ್ಯಾಸ ಕಂಡರೆ ಸಾಕು. ಆದರೆ ಜನರು ದಿಕ್ಕು ಹಿಡಿಯುವುದು ಗುರುತಿನ ಕಟ್ಟಡಗಳಿಂದ. ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯದ ಗುಮ್ಮಟ, ಕೋಟೆಯ ಗೋಡೆ, ರಾಜರ ಸಮಾಧಿಗಳಿರುವ ಗದ್ದಿಗೆ, ಜನರಲ್ ತಿಮ್ಮಯ್ಯ ವೃತ್ತದ ಪ್ರತಿಮೆ ಇವುಗಳನ್ನು ಮಾತ್ರ ನೋಡಿದ ಕೂಡಲೇ ಗುರುತು ಸಿಗುವಂತೆ ಮಾಡಬೇಕು.

ಕ್ಯಾಮೆರಾಕ್ಕೆ ಕಾಣದ್ದು

2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಗ್ರಾಮಗಳಲ್ಲಿ ಬೆಟ್ಟಗಳೇ ಜರಿದವು. ನಗರದೊಳಗೆ ಇಂದಿರಾನಗರ, ಚಾಮುಂಡೇಶ್ವರಿನಗರಗಳಲ್ಲಿಯೂ ಬರೆ ಕುಸಿದು ಮನೆಗಳು ಹೋದವು. ಅದನ್ನು ಕಂಡ ಜನರ ಮುಂದೆ ಇಡುವ ಮಾದರಿಯಲ್ಲಿ ನೀರಿನ ದಾರಿ ಇಲ್ಲದಿದ್ದರೆ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನೆಲದ ಎತ್ತರದಿಂದ ನೀರು ಎಲ್ಲಿ ಸೇರಬಹುದೆಂಬುದನ್ನು ಕ್ಯೂಜಿಐಎಸ್ ಲೆಕ್ಕ ಹಾಕಿ ತೋರಿಸುತ್ತದೆ, ನಿಜ. ಆದರೆ ರಸ್ತೆಯ ಕೆಳಗಿನ ಹಳೆಯ ಕಲ್ಲಿನ ಮೋರಿ, ಮಣ್ಣು ತುಂಬಿಸಿ ಮುಚ್ಚಿದ ತೋಡು, ಯಾರದೋ ಹಿತ್ತಿಲಲ್ಲಿ ಜುಲೈಯಲ್ಲಿ ಮಾತ್ರ ಎದ್ದು ಸೆಪ್ಟೆಂಬರಿನಲ್ಲಿ ಇಂಗುವ ಒರತೆ ಇವು ಆ ಲೆಕ್ಕದಲ್ಲಿ ಇರುವುದಿಲ್ಲ. ಅವು ಇರುವುದು ಹಿರಿಯರ ನೆನಪಿನಲ್ಲಿ ಮತ್ತು ಚರಂಡಿ ಬಿಡಿಸುವ ಪೌರಕಾರ್ಮಿಕರ ತಿಳಿವಳಿಕೆಯಲ್ಲಿ. ಪೌರಕಾರ್ಮಿಕರನ್ನು ಇಂಥ ಸಭೆಗಳಿಗೆ ಕರೆಯುವುದು ಅಪರೂಪ. ನನ್ನ ಪ್ರಕಾರ ಅವರನ್ನೇ ಮೊದಲು ಕರೆಯಬೇಕು, ಆ ದಿನದ ಕೂಲಿಗೆ ಕುತ್ತು ಬಾರದಂತೆಯೂ ನೋಡಿಕೊಳ್ಳಬೇಕು. ಅವರು ಹೇಳಿದ ಒಂದೊಂದು ಮೋರಿ, ಒರತೆಯನ್ನೂ ನೀಲಿ ಗೆರೆಯಾಗಿ ಮಾದರಿಗೆ ಸೇರಿಸಿ, ಅಳತೆಯಿಂದ ಬಂದದ್ದನ್ನು ಗಟ್ಟಿ ಗೆರೆಯಲ್ಲಿ, ನೆನಪಿನಿಂದ ಬಂದದ್ದನ್ನು ತುಂಡು ಗೆರೆಯಲ್ಲಿ ತೋರಿಸಿ. ಮುಂದೆ ಯಾರಾದರೂ ಅಗೆದು ನೋಡಿದಾಗ ತುಂಡು ಗೆರೆಯನ್ನು ಗಟ್ಟಿ ಮಾಡಬಹುದು.

ಕುಸಿತದ ಅಪಾಯವನ್ನು ಬಣ್ಣಗಳಲ್ಲಿ ತೋರಿಸುವಾಗ ವಿಶೇಷ ಎಚ್ಚರ ಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಾಷ್ಟ್ರೀಯ ಭೂಕುಸಿತ ಸಂಭಾವ್ಯತಾ ನಕ್ಷೆಗಳು 1:50,000 ಪ್ರಮಾಣದವು. ಆ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲಿನ 50 ಮೀಟರ್‌ಗೆ ಸಮ. ಅದನ್ನು ಹಿಗ್ಗಿಸಿ ಮನೆಮನೆಯ ಮೇಲೆ ಹೊದಿಸಿದರೆ, ಒಂದು ಮನೆ ಕೆಂಪು, ಪಕ್ಕದ ಮನೆ ಹಳದಿ ಎಂದು ಕಾಣುತ್ತದೆ. ಆ ವ್ಯತ್ಯಾಸಕ್ಕೆ ಆಧಾರವಿಲ್ಲ, ಆದರೆ ಆ ಕೆಂಪು ಬಣ್ಣ ಒಂದು ಕುಟುಂಬದ ನಿದ್ದೆಯನ್ನೂ ಮನೆಯ ಬೆಲೆಯನ್ನೂ ಕೆಡಿಸಲು ಸಾಕು.

ಪೈಸಾರಿ ಜಾಗದ ಮನೆಗಳು

ಇದಕ್ಕಿಂತಲೂ ಸೂಕ್ಷ್ಮವಾದ ವಿಷಯ ದಾಖಲೆಯದು. ಕೊಡಗಿನ ಪೇಟೆಗಳ ಅಂಚಿನಲ್ಲಿ ಪೈಸಾರಿ, ಅಂದರೆ ಸರ್ಕಾರಿ, ಜಾಗದಲ್ಲಿ ಮನೆ ಕಟ್ಟಿಕೊಂಡು, ಹಕ್ಕುಪತ್ರಕ್ಕಾಗಿ ಅರ್ಜಿ ಹಾಕಿ ಕಾಯುತ್ತಿರುವ ಕುಟುಂಬಗಳಿವೆ. ಡ್ರೋನ್ ಆ ಮನೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಚಿತ್ರಿಸುತ್ತದೆ. ಮಾದರಿಯಲ್ಲಿ ಅವುಗಳನ್ನು ಬಿಟ್ಟರೆ ಆ ಜನ ಊರಿನಲ್ಲೇ ಇಲ್ಲವೆಂದಂತಾಗುತ್ತದೆ. ಸೇರಿಸಿದರೆ ಆ ಮಾದರಿಯೇ ನಾಳೆ ತೆರವಿನ ಪಟ್ಟಿಯಾಗಬಹುದೆಂಬ ಭಯ ಹುಟ್ಟುತ್ತದೆ. ಈ ಭಯಕ್ಕೆ ಕಾರಣವಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ನಾನು ಸೂಚಿಸುವ ಕ್ರಮ ಹೀಗಿದೆ: ಎಲ್ಲ ಮನೆಗಳನ್ನೂ ಒಂದೇ ಬಣ್ಣದಲ್ಲಿ ತೋರಿಸಬೇಕು, ಮಾಲೀಕರ ಹೆಸರು, ಖಾತೆ ಸಂಖ್ಯೆ, ದಾಖಲೆಯ ಸ್ಥಿತಿ ಯಾವುದನ್ನೂ ಮಾದರಿಯ ಕಡತದೊಳಗೆ ಬರೆಯಬಾರದು, ಬಚ್ಚಿಟ್ಟ ಪದರದಲ್ಲಿಯೂ ಕೂಡದು, ಮನೆಯೊಂದನ್ನು ತೆಗೆದುಹಾಕಿದ ಪರ್ಯಾಯ ಚಿತ್ರವನ್ನು ಆ ಮನೆಯವರೊಡನೆ ಮೊದಲು ಮಾತಾಡದೆ ಪರದೆಯ ಮೇಲೆ ಹಾಕಲೇಬಾರದು. ಪರದೆಯ ಮೇಲೆ ಒಂದು ಮನೆಯನ್ನು ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕು ಎಂಬುದೇ ಈ ಸಾಧನದ ಅಪಾಯ.

ಜನರ ಮುಂದೆ ಇಡುವುದು

ವಾಸ್ತುಶಿಲ್ಪಿಗಳ ಪ್ರಚಾರಚಿತ್ರಗಳಲ್ಲಿ ಸದಾ ನೀಲಿ ಆಕಾಶವಿರುತ್ತದೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಬೀದಿಬದಿಯ ಬಿಳಿ ಛತ್ರಿಯ ಕೆಳಗೆ ಕುಳಿತು ಕಾಫಿ ಕುಡಿಯುವವರನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಮಾದರಿಗೆ ಮಳೆಗಾಲದ ಬೆಳಕನ್ನು ಕೊಡಿ, ಒದ್ದೆ ಬೀದಿಯನ್ನು ತೋರಿಸಿ, ಕೊಡೆ ಹಿಡಿದ ಇಬ್ಬರು ಎದುರುಬದುರಾಗಿ ಹಾಯಲು ಕಾಲುದಾರಿ ಸಾಲುತ್ತದೆಯೇ ಎಂದು ನೋಡುವಂತೆ ಮಾಡಿ. ಆಕಾಶದಿಂದ ನೋಡುವ ನೋಟವನ್ನು ಆರಂಭದಲ್ಲಿ ಎರಡು ನಿಮಿಷ ಮಾತ್ರ ಇಟ್ಟು, ಆಮೇಲೆ ಕ್ಯಾಮೆರಾವನ್ನು ನಡೆಯುವವರ ಕಣ್ಣಿನ ಎತ್ತರಕ್ಕೆ, ಐದಡಿಗೆ, ಇಳಿಸಬೇಕು. ತಲೆಗೆ ತೊಡುವ ವಿಆರ್ ಸಾಧನದ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಅದು ಒಬ್ಬರನ್ನು ಉಳಿದವರಿಂದ ಬೇರ್ಪಡಿಸುತ್ತದೆ, ಕೆಲವರಿಗೆ ತಲೆ ಸುತ್ತಿಸುತ್ತದೆ. ಸಭೆಗೆ ಬೇಕಾಗಿರುವುದು ಹತ್ತು ಜನ ಒಂದೇ ಚಿತ್ರಕ್ಕೆ ಬೆರಳು ತೋರಿಸಿ ವಾದಿಸುವುದು.

ಅದಕ್ಕಾಗಿ ಪರದೆಯ ಜೊತೆಗೆ ಕೈಯಲ್ಲಿ ಮುಟ್ಟಬಹುದಾದ ಮಾದರಿಯೊಂದನ್ನೂ ಇಡುವುದು ಉತ್ತಮ. 1:500 ಪ್ರಮಾಣದಲ್ಲಿ ಒಂದು ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ಹಾಳೆಯು ಐದು ಮೀಟರ್ ಎತ್ತರಕ್ಕೆ ಸಮನಾಗುತ್ತದೆ; ಇಪ್ಪತ್ತೈದು ಎಕರೆಯ ಜಾಗ ಅರುವತ್ತು ಎಪ್ಪತ್ತು ಸೆಂಟಿಮೀಟರಿನ ಚೌಕದೊಳಗೆ ಹಿಡಿಸುತ್ತದೆ. ಒಂದೇ ಎತ್ತರದ ಬಿಂದುಗಳನ್ನು ಸೇರಿಸುವ ಸಮೋನ್ನತ ರೇಖೆಗಳನ್ನು ಮುದ್ರಿಸಿ, ಹಾಳೆಗಳನ್ನು ಆ ಆಕಾರಕ್ಕೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸುವ ಕೆಲಸವನ್ನು ಶಾಲೆಯ ಮಕ್ಕಳು ಎರಡು ದಿನದಲ್ಲಿ ಮುಗಿಸಬಲ್ಲರು. ಮಕ್ಕಳ ಮಾತು ಬಂದದ್ದರಿಂದ ಹೇಳುವುದಾದರೆ, ವಿಶ್ವಸಂಸ್ಥೆಯ ಹ್ಯಾಬಿಟಾಟ್ ಸಂಸ್ಥೆಯು ಮೈನ್‌ಕ್ರಾಫ್ಟ್ ಆಟದ ತಯಾರಕರೊಡನೆ ಸೇರಿ 2012ರಿಂದ ಬ್ಲಾಕ್ ಬೈ ಬ್ಲಾಕ್ ಎಂಬ ಕಾರ್ಯಕ್ರಮವನ್ನು ನಡೆಸಿದೆ. ಅದರಲ್ಲಿ ನೆರೆಹೊರೆಯವರು ತಮ್ಮ ಸಾರ್ವಜನಿಕ ಜಾಗಗಳನ್ನು ಆಟದೊಳಗೇ ಕಟ್ಟಿ ಕೆಡವಿ ವಿನ್ಯಾಸ ಮಾಡುತ್ತಾರೆ. ಕಾಲೇಜಿನ ಹುಡುಗರು ಸಭೆಯಲ್ಲಿ ಬಾಯಿಬಿಡದಿದ್ದರೂ ಇಂಥದ್ದಕ್ಕೆ ಬರುತ್ತಾರೆ.

ಸಭೆಯ ಕಾಲವನ್ನು ಊರಿನ ಕೆಲಸದ ಲೆಕ್ಕದಿಂದ ಗೊತ್ತುಮಾಡಬೇಕು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ, ನಾಟಿಯ ದಿನಗಳಲ್ಲಿ, ದಸರಾ ವಾರದಲ್ಲಿ ಕರೆದರೆ ಬರುವವರು ಬಿಡುವಿದ್ದವರು ಮಾತ್ರ. ಚಳಿಗಾಲದಲ್ಲಿ ಅಳತೆ ಮುಗಿಸಿ, ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಮೊದಲ ಸುತ್ತಿನ ಸಭೆಗಳನ್ನು, ಮಳೆ ನಿಂತ ಮೇಲೆ ಎರಡನೆಯ ಸುತ್ತನ್ನು ಇಟ್ಟುಕೊಳ್ಳಬಹುದು. ಸಂತೆಯ ಬಗ್ಗೆ ಕೇಳುವುದಾದರೆ ಶುಕ್ರವಾರ ಸಂತೆಗೇ ಹೋಗಿ ಒಂದು ಮೂಲೆಯಲ್ಲಿ ಪರದೆ ಹಾಕಬೇಕು. ಹಳ್ಳಿಗಳಿಂದ ಮೆಣಸು, ಕಿತ್ತಳೆ, ಸೊಪ್ಪು ತರುವವರಿಗೆ ಸಂಜೆಯ ಸಭಾಭವನ ದೂರ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳಿಗೆ ಶೇ. 40ಕ್ಕೆ ಕಡಿಮೆಯಿಲ್ಲದ ಸ್ಥಾನ ಕೊಟ್ಟಿರುವುದರಿಂದ ಆ ಪ್ರತಿನಿಧಿಗಳನ್ನು ಪ್ರತ್ಯೇಕವಾಗಿಯೂ ಕಾಣಬೇಕು. ಭಾಷೆಯ ವಿಷಯದಲ್ಲಿ, ಕನ್ನಡದ ಜೊತೆಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಮಾತಾಡುವವರು ಒಂದೇ ಬೀದಿಯಲ್ಲಿರುವಾಗ, ವಿವರಣೆಯನ್ನು ಆಯಾ ಭಾಷೆಯವರೇ ಹೇಳಿ ಧ್ವನಿಮುದ್ರಿಸಿ ಮಾದರಿಗೆ ಜೋಡಿಸುವುದು ಬರೆಹಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಭೆಯಲ್ಲಿ ಮೊದಲ ಕಾಲು ಗಂಟೆ ಯಾವ ಯೋಜನೆಯನ್ನೂ ತೋರಿಸಬೇಡಿ. ಜನರು ತಮ್ಮ ಮನೆಯನ್ನು, ಅಂಗಡಿಯನ್ನು ಹುಡುಕಲಿ. ಮುಂದಿನ ಅರ್ಧ ಗಂಟೆ ತಪ್ಪು ಹಿಡಿಯಲಿ: ಇಲ್ಲಿ ಮೆಟ್ಟಿಲಿದೆ, ನೀವು ಬಿಟ್ಟಿದ್ದೀರಿ; ಆ ತಡೆಗೋಡೆ ಹೋದ ವರ್ಷ ಬಿತ್ತು; ಆ ಮರ ಈಗಿಲ್ಲ. ಒಬ್ಬರು ಲ್ಯಾಪ್‌ಟಾಪಿನ ಮುಂದೆ ಕುಳಿತು ಆ ತಪ್ಪುಗಳನ್ನು ಅವರೆದುರಿಗೇ ತಿದ್ದಬೇಕು. ತಮ್ಮ ಮಾತಿಗೆ ಪರದೆಯ ಮೇಲಿನ ಗೋಡೆಯೊಂದು ಜರುಗಿದ್ದನ್ನು ಕಣ್ಣಾರೆ ಕಂಡ ಮೇಲೆ, ಮುಂದಿನ ಪ್ರಶ್ನೆಗೆ ಅವರು ಕೊಡುವ ಉತ್ತರದ ತೂಕವೇ ಬೇರೆಯಾಗಿರುತ್ತದೆ. ಪರ್ಯಾಯಗಳನ್ನು ಇಡುವುದು ಆಮೇಲೆ, ಅದೂ ಮೂರಕ್ಕಿಂತ ಹೆಚ್ಚಲ್ಲ. ಅವುಗಳಲ್ಲಿ ಒಂದು ಈಗಿರುವ ಸ್ಥಿತಿಯೇ ಆಗಿರಲಿ, ಒಂದೊಂದರ ಅಂದಾಜು ಖರ್ಚೂ ಜೊತೆಗಿರಲಿ. ಹೊಸ ಕಟ್ಟಡಗಳಿಗೆ ಬಣ್ಣ ಬಳಿಯದೆ ಬೂದು ಪೆಟ್ಟಿಗೆಗಳಾಗಿಯೇ ಬಿಡಬೇಕು. ಮುಗಿದಂತೆ ಕಾಣುವ ಚಿತ್ರವನ್ನು ತಿದ್ದಲು ಜನ ಸಂಕೋಚಪಡುತ್ತಾರೆ.

ಮಹದೇವಪೇಟೆಯಂಥ ಬೀದಿಗೆ ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ದಸರೆಯ ಕೊನೆಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಟ್ರ್ಯಾಕ್ಟರುಗಳ ಮೇಲೆ ಬೀದಿಗಿಳಿಯುತ್ತವೆ. ಮಂಟಪ ಸಮಿತಿಗಳಿಂದ ಉದ್ದ, ಅಗಲ, ಎತ್ತರಗಳನ್ನು ಕೇಳಿ ಪಡೆದು, ಅದೇ ಅಳತೆಯ ಪೆಟ್ಟಿಗೆಯೊಂದನ್ನು ಮಾದರಿಯ ಬೀದಿಯಲ್ಲಿ ಓಡಿಸಿ ನೋಡಿ. ಹೊಸ ವಿಭಜಕ, ಕಮಾನು, ಅಲಂಕಾರದ ದೀಪಕಂಬಗಳಲ್ಲಿ ಯಾವುದು ತಿರುವಿಗೆ ಅಡ್ಡ ಬರುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ತುರ್ತು ವಾಹನಗಳ ದಾರಿಯ ಪರೀಕ್ಷೆಯೂ ಅದರಲ್ಲೇ ಮುಗಿಯುತ್ತದೆ.

ಬರೆದಿಡುವುದು, ಮರಳಿ ಹೋಗುವುದು

ಬಂದ ಒಂದೊಂದು ಸಲಹೆಗೂ ಒಂದು ಸಂಖ್ಯೆ ಕೊಟ್ಟು, ಮಾದರಿಯಲ್ಲಿ ಅದು ಸೇರುವ ಜಾಗದಲ್ಲೇ ಗುರುತು ನೆಟ್ಟು, ಒಪ್ಪಲಾಯಿತೇ ಇಲ್ಲವೇ, ಇಲ್ಲವಾದರೆ ಏಕೆ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಬೇಕು. ಅದೇ ಪಟ್ಟಿಯನ್ನು ಮುದ್ರಿಸಿ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಬೀದಿಯ ಹೋಟೆಲಿನಲ್ಲಿ ಅಂಟಿಸಬೇಕು, ಎರಡನೆಯ ಸುತ್ತಿನ ಸಭೆಯನ್ನು ಆ ಪಟ್ಟಿಯಿಂದಲೇ ಆರಂಭಿಸಬೇಕು. ಸಲಹೆ ಕೊಟ್ಟವರ ಹೆಸರು ಅದರಲ್ಲಿ ಬೇಡ.

ಮಾದರಿಯ ಕಡತವನ್ನು ಒಂದು ಕಂಪನಿಯ ತಂತ್ರಾಂಶದಲ್ಲಿ ಮಾತ್ರ ತೆರೆಯುವ ರೂಪದಲ್ಲಿ ಉಳಿಸಬಾರದು. ಸಿಟಿಜಿಎಂಎಲ್‌ನಂಥ ಮುಕ್ತ ರೂಪದಲ್ಲಿ ಉಳಿಸಿ, ಒಂದು ಪ್ರತಿಯನ್ನು ನಗರಸಭೆಗೂ ಇನ್ನೊಂದನ್ನು ಊರಿನ ಯಾವುದಾದರೂ ಕಾಲೇಜಿಗೂ ಕೊಡುವುದು ಕ್ಷೇಮ. ಹೆಲ್ಸಿಂಕಿ ನಗರವು ತನ್ನ ಮೂರು ಆಯಾಮದ ಮಾದರಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿಟ್ಟಿದೆ. ನಮ್ಮಲ್ಲಿ ಮೇಲೆ ಹೇಳಿದ ನಿಖರತೆಯ ನಿಯಮವನ್ನೂ ದಾಖಲೆಯಿಲ್ಲದ ಮನೆಗಳನ್ನೂ ನೆನಪಿಟ್ಟುಕೊಂಡು, ಎಷ್ಟನ್ನು ತೆರೆಯಬೇಕೆಂಬುದನ್ನು ಬೀದಿಯವರ ಸಭೆಯಲ್ಲೇ ಕೇಳಿ ನಿರ್ಧರಿಸುವುದು ಸರಿ.

ಒಂದು ಮಳೆಗಾಲ ಕಳೆದರೆ ಈ ಮಾದರಿ ಹಳತಾಗುತ್ತದೆ. ಆದ್ದರಿಂದ ಪ್ರತಿ ಅಕ್ಟೋಬರಿನಲ್ಲಿ, ತೋಡುಗಳಲ್ಲಿ ನೀರು ಇನ್ನೂ ಹರಿಯುತ್ತಿರುವಾಗಲೇ, ಪೌರಕಾರ್ಮಿಕರೊಬ್ಬರು, ಬೀದಿಯ ಹಿರಿಯರೊಬ್ಬರು ಮತ್ತು ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಮುದ್ರಿಸಿದ ನಕಾಶೆ ಹಿಡಿದು ಒಂದು ಬೆಳಗ್ಗೆ ಆ ಇಪ್ಪತ್ತೈದು ಎಕರೆಯನ್ನು ನಡೆಯಬೇಕು. ಹೊಸದಾಗಿ ಬಿರುಕು ಬಿಟ್ಟ ತಡೆಗೋಡೆ, ದಾರಿ ಬದಲಿಸಿದ ನೀರು, ಎದ್ದ ಅಂತಸ್ತು ಇವುಗಳನ್ನು ಗುರುತಿಸಿಕೊಂಡು ಬಂದು ಅದೇ ವಾರದಲ್ಲಿ ಕಡತಕ್ಕೆ ಸೇರಿಸಿ, ಅದರ ಮೇಲೆ ಹೊಸ ದಿನಾಂಕವನ್ನು ಹಾಕಬೇಕು.